ಹವಾಮಾನದ ವ್ಯತ್ಯಯ ಮತ್ತು ನಿತ್ಯಜೀವನದ ಮಿತವ್ಯಯ

ಮಾನವನ ಜೀವನವು ನೆಲ, ಜಲ, ಅಗ್ನಿ, ವಾಯು, ಆಕಾಶಗಳೆಂಬ ಪಂಚಭೂತಗಳನ್ನು ಆಶ್ರಯಿಸಿ ನಿಂತಿದೆ. ಇವುಗಳಲ್ಲಿ ವಾಯುವು ಕಣ್ಣಿಗೆ ಕಾಣದು. ಕಾಣದಿರುವ ಕಾರಣದಿಂದಲೇ ಅದರ ಲೆಕ್ಕವನ್ನು ಇಡುವವರು ವಿರಳ. ತನ್ನ ಕಣಜದಲ್ಲಿ ಜೋಳ ಎಷ್ಟಿದೆಯೆಂಬುದನ್ನು ಬಲ್ಲ ಗೃಹಸ್ಥನು, ತನ್ನ ಮನೆಯ ಒಲೆಯಿಂದ, ದೀಪದಿಂದ, ವಾಹನದಿಂದ ವಾಯುಮಂಡಲವನ್ನು ಸೇರುವ ಅನಿಲ ಎಷ್ಟೆಂಬುದನ್ನು ಅರಿಯನು. ಈ ಅರಿಯದ ಲೆಕ್ಕವೇ ಇಂದು ಲೋಕದ ಋತುಮಾನಗಳನ್ನು ಕದಲಿಸುತ್ತಿದೆ ಎಂಬುದು ವಿಜ್ಞಾನಿಗಳ ಏಕಾಭಿಪ್ರಾಯ.

ಕನ್ನಡ ನಾಡಿನ ರೈತನಿಗೆ ಈ ವಿಷಯವು ದೂರದ ದೇಶದ ವಾರ್ತೆಯಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆಯ ತೀರದ ಊರುಗಳು ಪ್ರವಾಹದಲ್ಲಿ ಮುಳುಗಿದುವು. ನಾಲ್ಕೇ ವರ್ಷಗಳ ಅನಂತರ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದುವು. ಒಂದು ಪ್ರವಾಹವನ್ನಾಗಲಿ ಒಂದು ಬರವನ್ನಾಗಲಿ ಪೂರ್ಣವಾಗಿ ಹವಾಮಾನದ ಬದಲಾವಣೆಯ ತಲೆಗೆ ಕಟ್ಟುವುದು ಶಾಸ್ತ್ರಸಮ್ಮತವಲ್ಲ. ಬರಗಾಲಗಳು ಹಿಂದೆಯೂ ಇದ್ದುವು. ಆದರೆ ಬಿಸಿಯೇರಿದ ಗಾಳಿಯು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ, ಬಂದ ಮಳೆ ಒಮ್ಮೆಲೇ ಸುರಿಯುವುದೂ, ಬಾರದ ದಿನಗಳಲ್ಲಿ ನೆಲ ಬೇಗನೆ ಒಣಗುವುದೂ ಹೆಚ್ಚುತ್ತದೆಂಬುದು ಭೌತಶಾಸ್ತ್ರದ ಸರಳ ಸತ್ಯ.

ಹೀಗಿರುವಾಗ ಸಾಮಾನ್ಯ ಮನುಷ್ಯನು ತನ್ನ ಮನೆಯಲ್ಲಿ, ಶಿಕ್ಷಕನು ತನ್ನ ಶಾಲೆಯಲ್ಲಿ, ದಾನಿಯು ತನ್ನ ದಾನದಲ್ಲಿ ಮಾಡಬಹುದಾದುದೇನು? ಮಾಡಿದರೆ ಅದರಿಂದ ನಿಜವಾದ ಪ್ರಯೋಜನವುಂಟೆ? ಈ ಎರಡು ಪ್ರಶ್ನೆಗಳ ವಿವೇಚನೆಯೇ ಪ್ರಸ್ತುತ ಲೇಖನದ ಉದ್ದೇಶ.

ಕಾರಣದ ಅರಿವು

ವಾಯುಮಂಡಲದ ಕೆಲವು ಅನಿಲಗಳು ಶಾಖವನ್ನು ಹಿಡಿದಿಡುತ್ತವೆಂಬ ತಿಳಿವಳಿಕೆ ಹೊಸತಲ್ಲ. 1856ರಲ್ಲಿ ಅಮೆರಿಕದ ಯೂನಿಸ್ ಫುಟ್ ಎಂಬ ಮಹಿಳೆ, ಇಂಗಾಲದ ಡೈಆಕ್ಸೈಡ್ ತುಂಬಿದ ಗಾಜಿನ ನಳಿಗೆಯು ಬಿಸಿಲಿನಲ್ಲಿ ಸಾಮಾನ್ಯ ಗಾಳಿಯ ನಳಿಗೆಗಿಂತ ಹೆಚ್ಚು ಕಾಯುವುದನ್ನು ಪ್ರಯೋಗದಿಂದ ತೋರಿಸಿದರು. 1859ರಲ್ಲಿ ಜಾನ್ ಟಿಂಡಲ್ ಎಂಬ ವಿಜ್ಞಾನಿಯು ಅನಿಲಗಳು ಶಾಖಕಿರಣಗಳನ್ನು ಹೀರುವ ಪ್ರಮಾಣವನ್ನು ಅಳೆಯತೊಡಗಿದನು. ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1896ರಲ್ಲಿ, ಈ ಅನಿಲ ಹೆಚ್ಚಿದರೆ ಭೂಮಿಯ ಉಷ್ಣತೆ ಎಷ್ಟು ಏರಬಹುದೆಂಬುದನ್ನು ಕೈಲೆಕ್ಕದಿಂದಲೇ ಗಣಿಸಿದನು.

ಕೈಗಾರಿಕಾ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಈ ಅನಿಲದ ಭಾಗಗಳು ಸುಮಾರು 280 ಇದ್ದುವು. ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿಯು 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಅಳತೆಯನ್ನು ಆರಂಭಿಸಿದಾಗ ಅವು 315ರ ಆಸುಪಾಸಿನಲ್ಲಿದ್ದುವು. ಈಗ 420ನ್ನು ದಾಟಿವೆ. ಕಲ್ಲಿದ್ದಲು, ತೈಲ, ನೈಸರ್ಗಿಕ ಅನಿಲಗಳನ್ನು ಉರಿಸುವುದರಿಂದ ಮತ್ತು ಸಿಮೆಂಟು ತಯಾರಿಕೆಯಿಂದ ಜಗತ್ತು ಪ್ರತಿವರ್ಷ ಸುಮಾರು 3,700 ಕೋಟಿ ಟನ್ ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಬಿಡುತ್ತಿದೆ. ಅಳತೆಯ ದಾಖಲೆಗಳಿರುವ ವರ್ಷಗಳಲ್ಲಿ ಅತ್ಯಂತ ಬಿಸಿಯಾದ ವರ್ಷವೆನಿಸಿದ 2024ರಲ್ಲಿ, ಭೂಮಿಯ ಸರಾಸರಿ ಉಷ್ಣತೆಯು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಸರಾಸರಿಗಿಂತ ಸುಮಾರು 1.55 ಡಿಗ್ರಿ ಸೆಲ್ಸಿಯಸ್ ಅಧಿಕವಾಗಿತ್ತೆಂದು ವಿಶ್ವ ಹವಾಮಾನ ಸಂಸ್ಥೆಯು ತಿಳಿಸಿದೆ.

ಸಣ್ಣ ಕಾರ್ಯಕ್ಕೆ ಬೆಲೆಯುಂಟೆ?

ಮೂರು ಸಾವಿರದ ಏಳುನೂರು ಕೋಟಿ ಟನ್ನಿನ ಮುಂದೆ ಒಂದು ದೀಪವನ್ನು ಆರಿಸುವುದು ಯಾವ ಲೆಕ್ಕ ಎಂಬ ಆಕ್ಷೇಪವು ಸಹಜವಾದುದು. ಇದಕ್ಕಿಂತ ಗಂಭೀರವಾದ ಇನ್ನೊಂದು ಆಕ್ಷೇಪವೂ ಉಂಟು. ವಿದ್ಯುದಾಗಾರಗಳನ್ನು, ಕಾರ್ಖಾನೆಗಳನ್ನು, ತೈಲದ ವ್ಯಾಪಾರವನ್ನು ನಡೆಸುವವರ ಹೊಣೆಯನ್ನು ಬಡ ಗೃಹಸ್ಥನ ಹೆಗಲಿಗೆ ಜಾರಿಸುವ ಉಪಾಯವಿದು ಎಂದು ಕೆಲವರು ವಾದಿಸುತ್ತಾರೆ. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಭಾರತದಲ್ಲಿ ತಲೆಯೊಂದಕ್ಕೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಜಗತ್ತಿನ ಸರಾಸರಿ ಇದರ ಎರಡು ಪಾಲಿಗೂ ಹೆಚ್ಚು. ಅಮೆರಿಕದಲ್ಲಿ ಸುಮಾರು ಏಳು ಪಾಲು. ಜಗತ್ತಿನ ಕುಟುಂಬಗಳಲ್ಲಿ ಹೆಚ್ಚು ಅನಿಲವನ್ನು ಹೊರಬಿಡುವ ಹತ್ತನೆಯ ಒಂದು ಭಾಗದವರೇ ಗೃಹಬಳಕೆಯ ಒಟ್ಟು ಹೊರಸೂಸುವಿಕೆಯಲ್ಲಿ ಶೇಕಡ 34ರಿಂದ 45ರಷ್ಟಕ್ಕೆ ಕಾರಣರೆಂದು, ವಿಶ್ವಸಂಸ್ಥೆಯ ಆಶ್ರಯದ ಹವಾಮಾನ ವಿಜ್ಞಾನಿಗಳ ಮಂಡಲಿಯು 2022ರ ವರದಿಯಲ್ಲಿ ಹೇಳಿದೆ. ಆದುದರಿಂದ ಒಂದೇ ದೀಪವಿರುವ ಗುಡಿಸಲಿಗೆ ಹೋಗಿ ಮಿತವ್ಯಯವನ್ನು ಬೋಧಿಸುವುದು ಅನ್ಯಾಯ. ಯಾರು ಹೆಚ್ಚು ಬಳಸುವರೋ ಅವರ ಹೊಣೆ ಹೆಚ್ಚು.

ಆದರೆ ಅದೇ ವರದಿಯು ಮತ್ತೊಂದು ಮಾತನ್ನೂ ಹೇಳುತ್ತದೆ. ಜನರ ಬಳಕೆಯ ರೀತಿಯೂ, ಅದಕ್ಕೆ ಅನುಕೂಲವಾದ ಸಾಧನಗಳೂ, ಸರಕಾರದ ನೀತಿಯೂ ಒಟ್ಟುಗೂಡಿದರೆ 2050ರ ವೇಳೆಗೆ ಬಳಕೆಯ ಕ್ಷೇತ್ರಗಳ ಹೊರಸೂಸುವಿಕೆಯನ್ನು ಶೇಕಡ 40ರಿಂದ 70ರಷ್ಟು ತಗ್ಗಿಸಲು ಸಾಧ್ಯವಿದೆ. ಇಲ್ಲಿ ‘ಒಟ್ಟುಗೂಡಿದರೆ’ ಎಂಬ ಮಾತೇ ಮುಖ್ಯವಾದುದು. ಭಾರತದಲ್ಲಿ ಎಲ್‌ಇಡಿ ದೀಪಗಳ ಕಥೆ ಇದಕ್ಕೆ ನಿದರ್ಶನ. 2015ರ ಜನವರಿಯಲ್ಲಿ ಆರಂಭವಾದ ಉಜಾಲಾ ಯೋಜನೆಯಲ್ಲಿ ಸರಕಾರವು ಸಗಟಾಗಿ ದೀಪಗಳನ್ನು ಕೊಂಡುದರಿಂದ ಅವುಗಳ ಬೆಲೆ ಕೆಲವೇ ವರ್ಷಗಳಲ್ಲಿ ಬಹಳವಾಗಿ ಇಳಿಯಿತು. 36 ಕೋಟಿಗೂ ಮೀರಿದ ದೀಪಗಳು ಮನೆಗಳನ್ನು ಸೇರಿದುವು. ಹಳೆಯ ಬಲ್ಬನ್ನು ಬಿಚ್ಚಿ ಹೊಸದನ್ನು ಹಾಕಿದವನು ಮಾತ್ರ ಮನೆಯ ಯಜಮಾನನೇ. ನೀತಿಯಿಲ್ಲದೆ ಆತನಿಗೆ ಅಗ್ಗದ ದೀಪ ದೊರೆಯುತ್ತಿರಲಿಲ್ಲ. ಆತನ ಕೈಯಿಲ್ಲದೆ ನೀತಿಯು ಕಾಗದದ ಮೇಲೆಯೇ ಉಳಿಯುತ್ತಿತ್ತು.

ಮತ್ತೊಂದು ಎಚ್ಚರಿಕೆಯೂ ಅಗತ್ಯ. ಸಣ್ಣ ಕಾರ್ಯಗಳೆಲ್ಲವೂ ಸಮಾನವಲ್ಲ. ಈಚಿನ ಉತ್ತಮ ಮೊಬೈಲ್ ಚಾರ್ಜರನ್ನು ವರ್ಷವಿಡೀ ಗೋಡೆಯ ಸಾಕೆಟ್ಟಿನಲ್ಲಿ ಸುಮ್ಮನೆ ಬಿಟ್ಟರೂ ವ್ಯಯವಾಗುವ ವಿದ್ಯುತ್ತು ಎರಡು ಯೂನಿಟ್ಟಿಗಿಂತ ಕಡಿಮೆ. ಹಳೆಯ ಪಂಖವೊಂದು ಅಷ್ಟನ್ನು ಇಪ್ಪತ್ತೇಳು ಗಂಟೆಗಳಲ್ಲಿ ನುಂಗುತ್ತದೆ. ಚಾರ್ಜರನ್ನು ತೆಗೆದು ತೃಪ್ತಿಪಟ್ಟು, ಬರಿದಾದ ಕೋಣೆಯಲ್ಲಿ ಪಂಖವನ್ನು ತಿರುಗಬಿಡುವವನು ಲೆಕ್ಕವನ್ನು ಅರಿಯದವನು. ಆದುದರಿಂದ ಮೊದಲು ಅಳತೆ, ಅನಂತರ ಆಚರಣೆ.

ಒಲೆಯ ಮುಂದಿನ ಭೌತಶಾಸ್ತ್ರ

ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ಬಿಂದುವಿನವರೆಗೆ ಕಾಯಿಸಲು ಸುಮಾರು 314 ಕಿಲೋಜೂಲ್ ಶಾಖ ಸಾಕು. ಅದೇ ಒಂದು ಲೀಟರ್ ನೀರನ್ನು ಪೂರ್ತಿಯಾಗಿ ಆವಿಯಾಗಿಸಲು ಸುಮಾರು 2,257 ಕಿಲೋಜೂಲ್ ಬೇಕು, ಎಂದರೆ ಏಳು ಪಾಲಿಗೂ ಹೆಚ್ಚು. ಪ್ರೌಢಶಾಲೆಯ ಪುಸ್ತಕದಲ್ಲಿ ‘ಗುಪ್ತೋಷ್ಣ’ ಎಂಬ ಹೆಸರಿನಲ್ಲಿ ಓದಿ ಮರೆತುಹೋಗುವ ಈ ಅಂಕಿಯು ಪ್ರತಿದಿನವೂ ಅಡುಗೆಮನೆಯಲ್ಲಿ ಕಾರ್ಯಮಾಡುತ್ತಿರುತ್ತದೆ. ಮುಚ್ಚಳವಿಲ್ಲದ ಪಾತ್ರೆಯಿಂದ ಏಳುವ ಆವಿಯೆಂದರೆ ಹಾರಿಹೋಗುತ್ತಿರುವ ಉರುವಲೇ. ಗ್ಯಾಸಿನ ಒಲೆಯ ಮೇಲೆ ಒಂದು ಲೀಟರ್ ನೀರು ವ್ಯರ್ಥವಾಗಿ ಆವಿಯಾದರೆ ಸುಮಾರು 80 ಗ್ರಾಂ ಅನಿಲವು ಹೋಯಿತೆಂದೇ ತಿಳಿಯಬೇಕು.

ಇದರಿಂದ ಮೂರು ಸರಳ ನಿಯಮಗಳು ದೊರೆಯುತ್ತವೆ. ಮೊದಲನೆಯದು, ಪಾತ್ರೆಗೆ ಮುಚ್ಚಳ. ಎರಡನೆಯದು, ನೀರು ಕುದಿ ಹಿಡಿದೊಡನೆ ಉರಿಯನ್ನು ತಗ್ಗಿಸುವುದು. ಉರಿ ಎಷ್ಟೇ ಹೆಚ್ಚಿದರೂ ತೆರೆದ ಪಾತ್ರೆಯಲ್ಲಿ ಕುದಿಯುವ ನೀರಿನ ಉಷ್ಣತೆ ಏರದು, ಬೇಳೆಯೂ ಬೇಗನೆ ಬೇಯದು, ಆವಿಯೊಂದೇ ಹೆಚ್ಚುವುದು. ಮೂರನೆಯದು, ಕಾಳುಗಳನ್ನು ಮೊದಲೇ ನೆನೆಸುವುದು ಮತ್ತು ಒತ್ತಡದ ಕುಕ್ಕರನ್ನು ಬಳಸುವುದು. ಕುಕ್ಕರಿನಲ್ಲಿ ಒತ್ತಡ ಹೆಚ್ಚಿ ನೀರು ನೂರು ಡಿಗ್ರಿಗಿಂತ ಮೇಲೆ ಕುದಿಯುವುದರಿಂದ ಅಡುಗೆಯ ಕಾಲ ಕುಗ್ಗುತ್ತದೆ. ಗೃಹಬಳಕೆಯ ಸಿಲಿಂಡರೊಂದರಲ್ಲಿ 14.2 ಕಿಲೋಗ್ರಾಂ ಅನಿಲವಿದ್ದು, ಅದು ಉರಿದಾಗ ಸುಮಾರು 42 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ವರ್ಷಕ್ಕೆ ಒಂದೆರಡು ಸಿಲಿಂಡರುಗಳ ಉಳಿತಾಯವು ಮನೆಯ ಹಣಕ್ಕೂ ಹಿತ, ಗಾಳಿಗೂ ಹಿತ.

ಸೌದೆಯ ಒಲೆಯ ವಿಷಯದಲ್ಲಿ ಕನ್ನಡ ನಾಡಿಗೆ ಗೌರವದ ಸ್ಥಾನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರೊಫೆಸರ್ ಅಮೂಲ್ಯ ಕುಮಾರ್ ಎನ್. ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರವು ಆರಂಭವಾಯಿತು. ವಿಜ್ಞಾನವನ್ನು ಹಳ್ಳಿಯ ಅಗತ್ಯಗಳಿಗೆ ಅನ್ವಯಿಸುವುದೇ ಅದರ ಗುರಿ. ಸಾಂಪ್ರದಾಯಿಕ ಒಲೆಯಲ್ಲಿ ಸೌದೆಯ ಶಾಖದ ಸುಮಾರು ಹತ್ತನೆಯ ಒಂದು ಭಾಗ ಮಾತ್ರ ಪಾತ್ರೆಯನ್ನು ಸೇರುತ್ತಿತ್ತು. ಹೊಗೆಕೊಳವೆಯುಳ್ಳ, ಮೂರು ಪಾತ್ರೆಗಳನ್ನಿಡುವ ‘ಅಸ್ತ್ರ ಒಲೆ’ಯು ಪರೀಕ್ಷೆಗಳಲ್ಲಿ ಶೇಕಡ 30ಕ್ಕೂ ಮಿಗಿಲಾದ ದಕ್ಷತೆಯನ್ನು ತೋರಿಸಿತು; ಅಡುಗೆಯವಳ ಕಣ್ಣು ಶ್ವಾಸಕೋಶಗಳಿಗೆ ಹೊಗೆಯಿಂದ ಬಿಡುಗಡೆಯನ್ನೂ ತಂದಿತು.

ಆದರೆ ಒಲೆಯನ್ನು ಕಟ್ಟಿಕೊಟ್ಟ ಮಾತ್ರಕ್ಕೆ ಕಾರ್ಯ ಮುಗಿಯುವುದಿಲ್ಲ. ಭಾರತ ಸರಕಾರವು 1983ರಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿ ಕೋಟಿಗಟ್ಟಲೆ ಒಲೆಗಳನ್ನು ಹಂಚಿತು. ಅವುಗಳಲ್ಲಿ ಬಹಳಷ್ಟು ಕೆಲವು ವರ್ಷಗಳಲ್ಲಿ ಒಡೆದು, ಕೊಳವೆಗಳು ಮಸಿಗಟ್ಟಿ, ಮೂಲೆಗುಂಪಾದುವು. ಕೊಳವೆಯ ಮಸಿಯನ್ನು ಕಾಲಕಾಲಕ್ಕೆ ಕೆರೆಯುವ ಕೈ ಇಲ್ಲದಿದ್ದರೆ ಉತ್ತಮ ಒಲೆಯೂ ಕೆಟ್ಟ ಒಲೆಯಾಗುತ್ತದೆ. ಕೊಡುಗೆಗಿಂತ ಪಾಲನೆಯೇ ಕಷ್ಟವೆಂಬ ಈ ಪಾಠವು ದಾನಿಗಳೂ ಸಂಸ್ಥೆಗಳೂ ನೆನಪಿಡಬೇಕಾದುದು.

ಬಿಸಿನೀರು, ಪಂಖ, ದೀಪ

ಭಾರತದ ವಿದ್ಯುತ್ ಜಾಲದಲ್ಲಿ ಇಂದಿಗೂ ಕಲ್ಲಿದ್ದಲಿನ ಪಾಲೇ ದೊಡ್ಡದು. ಆದುದರಿಂದ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸರಾಸರಿ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಈ ಒಂದು ಅಂಕಿಯನ್ನು ತಿಳಿದಿದ್ದರೆ ಮನೆಯ ವಿದ್ಯುತ್ತಿನ ಬಿಲ್ಲೇ ಒಂದು ಪಾಠಪುಸ್ತಕವಾಗುತ್ತದೆ.

ಹದಿನೈದು ಲೀಟರಿನ ಒಂದು ಬಕೆಟ್ ನೀರನ್ನು 22 ಡಿಗ್ರಿಯಿಂದ 42 ಡಿಗ್ರಿಗೆ ಕಾಯಿಸಲು ಸುಮಾರು 0.35 ಯೂನಿಟ್ ವಿದ್ಯುತ್ತು ಬೇಕು. ಅಷ್ಟರಲ್ಲಿ 9 ವಾಟಿನ ಎಲ್‌ಇಡಿ ದೀಪವೊಂದು 39 ಗಂಟೆಗಳ ಕಾಲ ಬೆಳಗಬಲ್ಲುದು. ಬೆಳಕಿಗಿಂತ ಶಾಖವು ಎಷ್ಟು ದುಬಾರಿಯೆಂಬುದು ಇದರಿಂದ ಸ್ಪಷ್ಟ. ಇನ್ನೂರು ವಿದ್ಯಾರ್ಥಿಗಳಿರುವ ಒಂದು ಪ್ರಸಾದನಿಲಯದಲ್ಲಿ ಒಬ್ಬೊಬ್ಬರಿಗೆ ಒಂದು ಬಕೆಟ್ಟಿನಂತೆ ವರ್ಷದಲ್ಲಿ 150 ದಿನ ವಿದ್ಯುತ್ತಿನಿಂದ ನೀರು ಕಾಯಿಸಿದರೆ, 10,500 ಯೂನಿಟ್ಟುಗಳೂ ಏಳು ಟನ್ನಿಗೂ ಮೀರಿದ ಇಂಗಾಲದ ಡೈಆಕ್ಸೈಡೂ ಆಗುತ್ತವೆ. ಬಯಲುಸೀಮೆಯ ಬಿಸಿಲು ಈ ಕೆಲಸದ ಬಹುಭಾಗವನ್ನು ಬೆಲೆಯಿಲ್ಲದೆ ಮಾಡಿಕೊಡಲು ಸಿದ್ಧವಾಗಿದೆ. ಬೇಕಾದುದು ಮಾಳಿಗೆಯ ಮೇಲೊಂದು ಸೌರ ಜಲತಾಪಕ, ಮತ್ತು ಅದರ ಫಲಕಗಳ ಧೂಳನ್ನು ಒರೆಸುವ ಒಂದು ಸರದಿ.

ಪಂಖದ ಲೆಕ್ಕವೂ ಹೀಗೆಯೇ. ಹಳೆಯ ಮಾದರಿಯ ಪಂಖಕ್ಕೆ ಸುಮಾರು 75 ವಾಟ್ ಬೇಕು. ಬಿಎಲ್‌ಡಿಸಿ ಎಂಬ ಹೊಸ ಮೋಟಾರಿನ ಪಂಖಕ್ಕೆ ಸುಮಾರು 30 ವಾಟ್ ಸಾಕು. ದಿನಕ್ಕೆ ಹತ್ತು ಗಂಟೆಯಂತೆ 250 ದಿನ ತಿರುಗುವ ನಲವತ್ತು ಪಂಖಗಳನ್ನು ಬದಲಾಯಿಸಿದರೆ ವರ್ಷಕ್ಕೆ 4,500 ಯೂನಿಟ್ ಉಳಿಯುತ್ತದೆ. ಹೊಸ ಪಂಖವನ್ನು ಕೊಳ್ಳುವ ಶಕ್ತಿಯಿಲ್ಲದ ಕಡೆ, ಕೋಣೆಯಿಂದ ಹೊರಡುವ ಕೊನೆಯ ಹುಡುಗನು ಗುಂಡಿಯನ್ನು ಒತ್ತುವ ಅಭ್ಯಾಸವು ಯಾವ ಖರ್ಚೂ ಇಲ್ಲದ ಉಳಿತಾಯ. ವಾತಾನುಕೂಲ ಯಂತ್ರವುಳ್ಳ ಅನುಕೂಲಸ್ಥರು ಅದನ್ನು 24 ಡಿಗ್ರಿಗೆ ಇರಿಸಿಕೊಳ್ಳುವುದು ಉಚಿತ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡ 6ರಷ್ಟು ವಿದ್ಯುತ್ತು ಉಳಿಯುವುದೆಂದು ಇಂಧನ ದಕ್ಷತಾ ಬ್ಯೂರೋ ತಿಳಿಸಿದೆ. 2020ರ ಜನವರಿಯಿಂದ ಹೊಸ ಯಂತ್ರಗಳು 24 ಡಿಗ್ರಿಯಲ್ಲಿಯೇ ಆರಂಭವಾಗಬೇಕೆಂಬ ನಿಯಮವೂ ಜಾರಿಗೆ ಬಂದಿತು.

ತಟ್ಟೆಯಲ್ಲಿ ಉಳಿದ ಅನ್ನ

ಅನ್ನವನ್ನು ಚೆಲ್ಲಬಾರದೆಂಬುದು ದಾಸೋಹದ ಪಂಕ್ತಿಯ ಹಳೆಯ ಶಿಸ್ತು. ಈ ಶಿಸ್ತಿಗೆ ಈಗ ಹೊಸದೊಂದು ಪ್ರಮಾಣವು ದೊರೆತಿದೆ. 2022ರಲ್ಲಿ ಜಗತ್ತಿನ ಮನೆ, ಭೋಜನಾಲಯ, ಅಂಗಡಿಗಳಲ್ಲಿ ಸುಮಾರು 105 ಕೋಟಿ ಟನ್ ಆಹಾರವು ವ್ಯರ್ಥವಾಯಿತೆಂದೂ, ಅದು ಬಳಕೆದಾರರಿಗೆ ಒದಗುವ ಆಹಾರದ ಐದನೆಯ ಒಂದು ಭಾಗದಷ್ಟೆಂದೂ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರ ವರದಿಯಲ್ಲಿ ಹೇಳಿತು. ಹೊಲದಿಂದ ತಟ್ಟೆಯವರೆಗೆ ನಷ್ಟವಾಗುವ ಆಹಾರವು ಜಗತ್ತಿನ ಹಸಿರುಮನೆ ಅನಿಲಗಳ ಶೇಕಡ 8ರಿಂದ 10ರಷ್ಟಕ್ಕೆ ಕಾರಣವಾಗಿದೆ. ಚೆಲ್ಲಿದ ಅನ್ನದೊಡನೆ ಅದನ್ನು ಬೆಳೆದ ನೀರು, ಗೊಬ್ಬರ, ಪಂಪಿನ ವಿದ್ಯುತ್ತು, ಲಾರಿಯ ಡೀಸೆಲ್, ಬೇಯಿಸಿದ ಉರುವಲು ಎಲ್ಲವೂ ಚೆಲ್ಲಿಹೋಗುತ್ತವೆ. ಅಷ್ಟೇ ಅಲ್ಲ, ಗಾಳಿಯಾಡದ ಕಸದ ಗುಂಡಿಯಲ್ಲಿ ಕೊಳೆಯುವ ಆಹಾರದಿಂದ ಮೀಥೇನ್ ಅನಿಲವು ಹುಟ್ಟುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದರ ತಾಪಕ ಶಕ್ತಿಯು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಾಲು.

ಮುನ್ನೂರು ವಿದ್ಯಾರ್ಥಿಗಳು ಒಂದೊಂದು ಊಟದಲ್ಲಿ ಐವತ್ತು ಗ್ರಾಂ, ಎಂದರೆ ಎರಡು ಮೂರು ತುತ್ತು, ಬಿಟ್ಟರೆಂದು ಭಾವಿಸೋಣ. ಮೂರು ಹೊತ್ತಿಗೆ 45 ಕಿಲೋಗ್ರಾಂ. ಶಾಲೆಯ 220 ದಿನಗಳಿಗೆ 9,900 ಕಿಲೋಗ್ರಾಂ. ಯಾವನೊಬ್ಬ ಹುಡುಗನೂ ತಾನು ತಪ್ಪು ಮಾಡಿದೆನೆಂದು ಭಾವಿಸದೆಯೇ ಹತ್ತು ಟನ್ ಅನ್ನ ಮಣ್ಣುಪಾಲಾಗುತ್ತದೆ. ಇದಕ್ಕೆ ದಂಡನೆಯು ಪರಿಹಾರವಲ್ಲ. ಮೊದಲ ಸಲ ಸ್ವಲ್ಪವೇ ಬಡಿಸಿ, ಕೇಳಿದಷ್ಟು ಮತ್ತೆ ಬಡಿಸುವುದು. ಉಳಿದುದನ್ನು ಪ್ರತಿದಿನ ತೂಗಿ ಭೋಜನಶಾಲೆಯ ಹಲಗೆಯ ಮೇಲೆ ಬರೆಯುವುದು. ಮಕ್ಕಳು ಯಾವ ಪದಾರ್ಥವನ್ನು ಹೆಚ್ಚಾಗಿ ಬಿಡುವರೆಂಬುದನ್ನು ಅಡುಗೆಯವರಿಗೆ ತಿಳಿಸುವುದು, ಇವು ಸಾಕು. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾಗಿ ಅನಂತರ ನಾಡಿನಾದ್ಯಂತ ಹರಡಿದ ಶಾಲಾ ಊಟದ ಯೋಜನೆಗೂ ‘ಅಕ್ಷರ ದಾಸೋಹ’ವೆಂದೇ ಹೆಸರು. ದಾಸೋಹವೆಂಬ ಶಬ್ದದಲ್ಲಿ ಉಣಿಸುವ ಔದಾರ್ಯವಿರುವಂತೆ ಉಳಿಸುವ ಎಚ್ಚರವೂ ಅಡಗಿದೆ. ಮದುವೆ ಮುಂಜಿಗಳಲ್ಲಿ ಎಲೆ ತುಂಬ ಹದಿನೆಂಟು ಭಕ್ಷ್ಯಗಳನ್ನು ಬಡಿಸಿ ಅರ್ಧವನ್ನು ಎತ್ತಿಸುವ ಪದ್ಧತಿಯನ್ನು ಹಳೆಯ ವಿದ್ಯಾರ್ಥಿಗಳೇ ಮೊದಲು ಬಿಟ್ಟರೆ, ಉಳಿದವರು ಹಿಂಬಾಲಿಸುವರು.

ಅನಿವಾರ್ಯವಾಗಿ ಉಳಿದುದಕ್ಕೆ ಗೋಬರ್ ಗ್ಯಾಸಿನ ಘಟಕವು ಸದ್ಗತಿ. ಅಲ್ಲಿಯೂ ಹುಟ್ಟುವುದು ಮೀಥೇನೇ. ಆದರೆ ಅದು ಗಾಳಿಗೆ ಸೇರದೆ ಒಲೆಯಲ್ಲಿ ಉರಿಯುತ್ತದೆ, ಉಳಿದ ರಾಡಿ ಗೊಬ್ಬರವಾಗುತ್ತದೆ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿಯಲ್ಲಿ ‘ಅಸ್ತ್ರ’ದವರು ನಡೆಸಿದ ಸಾಮೂಹಿಕ ಪ್ರಯೋಗವು ಇಲ್ಲಿ ಸ್ಮರಣೀಯ. ಅಡುಗೆಗೆ ಅನಿಲ ಒದಗಿಸುವ ಮೊದಲ ಪ್ರಯತ್ನವು ಸಗಣಿ ಸಾಲದೆ ಸಫಲವಾಗಲಿಲ್ಲ. ಗ್ರಾಮಸ್ಥರ ಅಪೇಕ್ಷೆಯಂತೆ 1987ರಿಂದ ಆ ಅನಿಲದಿಂದ ಯಂತ್ರವನ್ನು ನಡೆಸಿ ಕುಡಿಯುವ ನೀರನ್ನೂ ದೀಪವನ್ನೂ ಒದಗಿಸಲಾಯಿತು. ಸಗಣಿ ತಂದವರಿಗೆ ಗೊಬ್ಬರವೂ ಮರಳಿತು, ಕೂಲಿಯೂ ದೊರೆಯಿತು. ಜನರ ಅಗತ್ಯವನ್ನು ಕೇಳಿ ನಡೆದಾಗ ಮಾತ್ರ ಪ್ರಯೋಗ ಬಾಳಿತು.

ಆಹಾರದ ಆಯ್ಕೆಯಲ್ಲಿಯೂ ನಾಡಿನ ರೂಢಿ ಹಿತಕರವಾದುದು. ನೀರು ನಿಂತ ಭತ್ತದ ಗದ್ದೆಯಿಂದ ಮೀಥೇನ್ ಏಳುತ್ತದೆ. ಮಳೆಯಾಶ್ರಯದ ಜೋಳ, ರಾಗಿ, ನವಣೆ, ಸಜ್ಜೆಗಳ ಹೊಲದಲ್ಲಿ ಆ ಬಾಧೆಯಿಲ್ಲ, ನೀರೂ ಅಲ್ಪ. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ವಾರದಲ್ಲಿ ಒಂದೆರಡು ಹೊತ್ತು ಅನ್ನದ ಬದಲು ರೊಟ್ಟಿ ಮುದ್ದೆಗಳಿಗೆ ಮರಳುವುದು ತ್ಯಾಗವಲ್ಲ, ಅಜ್ಜಿಯ ಅಡುಗೆಗೆ ಮರಳುವುದಷ್ಟೇ.

ನೀರಿನೊಳಗಣ ವಿದ್ಯುತ್ತು, ದಾರಿಯೊಳಗಣ ತೈಲ

ನೀರನ್ನು ಉಳಿಸುವುದಕ್ಕೂ ಹವಾಮಾನಕ್ಕೂ ಸಂಬಂಧವೇನೆಂಬ ಸಂದೇಹ ಬರಬಹುದು. ಬೆಂಗಳೂರಿನ ನಲ್ಲಿಯ ಕಾವೇರಿಯು ಸುಮಾರು ನೂರು ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿಯಿಂದ ಮೊದಲುಗೊಂಡು ಮೂರು ಹಂತಗಳಲ್ಲಿ, ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಬರುತ್ತಾಳೆ. ಸಾವಿರ ಲೀಟರನ್ನು ಅಷ್ಟೆತ್ತರಕ್ಕೆ ಏರಿಸಲು ಪಂಪಿನ ನಷ್ಟವೂ ಸೇರಿ ಸುಮಾರು 2 ಯೂನಿಟ್ ವಿದ್ಯುತ್ತು ಬೇಕೆಂದು ಗಣಿತದಿಂದ ತಿಳಿಯುತ್ತದೆ. ಬಯಲುಸೀಮೆಯ ಆಳವಾದ ಕೊಳವೆಬಾವಿಯ ನೀರೂ ಇದಕ್ಕಿಂತ ಬಹಳ ಅಗ್ಗವಲ್ಲ. ಸೋರುವ ನಲ್ಲಿಯಿಂದ ನೀರಿನೊಡನೆ ಕಲ್ಲಿದ್ದಲೂ ಸೋರುತ್ತಿರುತ್ತದೆ. ಮಾಳಿಗೆಯ ಮಳೆನೀರನ್ನು ತೊಟ್ಟಿಗೆ ಇಳಿಸುವವನು ಎರಡನ್ನೂ ಉಳಿಸುತ್ತಾನೆ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್. ಐದು ಕಿಲೋಮೀಟರ್ ದೂರದಿಂದ ಬರುವ ಶಿಕ್ಷಕರೊಬ್ಬರು ವರ್ಷಕ್ಕೆ 220 ದಿನ ಹೋಗಿ ಬಂದರೆ 2,200 ಕಿಲೋಮೀಟರ್. ಲೀಟರಿಗೆ 50 ಕಿಲೋಮೀಟರ್ ಓಡುವ ಮೋಟಾರ್ ಸೈಕಲ್ಲಿನಲ್ಲಿ ಸುಮಾರು 100 ಕಿಲೋಗ್ರಾಂ. ಲೀಟರಿಗೆ 15 ಕಿಲೋಮೀಟರಿನ ಕಾರಿನಲ್ಲಿ ಒಬ್ಬರೇ ಬಂದರೆ ಸುಮಾರು 340 ಕಿಲೋಗ್ರಾಂ. ಅದೇ ಕಾರಿನಲ್ಲಿ ನಾಲ್ವರು ಕೂಡಿ ಬಂದರೆ ತಲೆಗೆ 85, ಎಂದರೆ ಮೋಟಾರ್ ಸೈಕಲ್ಲಿಗಿಂತಲೂ ಕಡಿಮೆ. ಸೈಕಲ್ಲಿಗೂ ನಡಿಗೆಗೂ ಲೆಕ್ಕವೇ ಇಲ್ಲ.

ನೆಡುವುದು ಒಂದು ದಿನ, ನೀರೆರೆಯುವುದು ಹಲವು ವರ್ಷ

ಕೆ. ಎಂ. ಮುನ್ಷಿಯವರು 1950ರಲ್ಲಿ ವನಮಹೋತ್ಸವವನ್ನು ಆರಂಭಿಸಿದಂದಿನಿಂದ ಶಾಲೆಗಳಲ್ಲಿ ಪ್ರತಿ ಮಳೆಗಾಲವೂ ಸಸಿಗಳು ನೆಡಲ್ಪಡುತ್ತಿವೆ. ಅನೇಕ ಕಡೆ ಪ್ರತಿವರ್ಷವೂ ಅದೇ ಗುಂಡಿಗಳಲ್ಲಿ ನೆಡಲಾಗುತ್ತದೆಂಬುದು ನಗೆಯ ಮಾತಾದರೂ ಸತ್ಯ. ಬೆಳೆದ ಮರವೊಂದು ವರ್ಷಕ್ಕೆ ಹೀರುವ ಇಂಗಾಲದ ಡೈಆಕ್ಸೈಡ್ ಸಾಮಾನ್ಯವಾಗಿ ಕೆಲವು ಹತ್ತು ಕಿಲೋಗ್ರಾಂಗಳಷ್ಟೆ. ಒಣಗಿದ ಸಸಿ ಹೀರುವುದು ಶೂನ್ಯ. ಆದುದರಿಂದ ಮರವು ಮಿತವ್ಯಯಕ್ಕೆ ಬದಲಿಯಲ್ಲ, ಜೊತೆಗಾರ. ನೆರಳು, ತಂಪು, ಮಣ್ಣಿನ ರಕ್ಷಣೆ, ಹಕ್ಕಿಗಳ ಆಶ್ರಯ ಇವು ಆ ಲೆಕ್ಕಕ್ಕೆ ಮೀರಿದ ಲಾಭಗಳು.

ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕೂಲಿಯಿಂದ ಬದುಕಿದ ಆಕೆ ಪತಿ ಚಿಕ್ಕಯ್ಯನವರೊಡನೆ ಹುಲಿಕಲ್ಲಿನಿಂದ ಕುದೂರಿನ ದಾರಿಯುದ್ದಕ್ಕೂ ಆಲದ ಸಸಿಗಳನ್ನು ನೆಟ್ಟರು, ಬಿಂದಿಗೆಗಳಲ್ಲಿ ನೀರು ಹೊತ್ತು ಎರೆದರು, ದನಕರುಗಳಿಂದ ಕಾಯಲು ಮುಳ್ಳಿನ ಬೇಲಿ ಕಟ್ಟಿದರು. 385 ಆಲದ ಮರಗಳು ಸಾಲಾಗಿ ನಿಂತುವು. ಆಕೆಯ ಹೆಸರಿಗೆ ‘ಸಾಲುಮರದ’ ಎಂಬ ವಿಶೇಷಣ ಸೇರಿತು. 2019ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. 2025ರ ನವೆಂಬರ್ 14ರಂದು ಆಕೆ ದಿವಂಗತರಾದರು, ನೆರಳು ಉಳಿದಿದೆ. ನೆಟ್ಟುದಕ್ಕಿಂತ ಆ ದಂಪತಿಗಳು ಬೇಸಗೆಯಲ್ಲಿ ಹೊತ್ತ ಬಿಂದಿಗೆಗಳೇ ಈ ಕಥೆಯ ಸಾರ.

ಶಾಲೆಯ ಪಾಲು

ಭಾರತ ಸರಕಾರವು 2022ರ ಅಕ್ಟೋಬರಿನಲ್ಲಿ ಗುಜರಾತಿನ ಏಕತಾನಗರದಲ್ಲಿ ‘ಲೈಫ್’ ಎಂಬ ಅಭಿಯಾನವನ್ನು ಆರಂಭಿಸಿ, ಪರಿಸರಕ್ಕೆ ಅನುಗುಣವಾದ ಜೀವನಶೈಲಿಗೆ ಕರೆಯಿತ್ತಿತು. ಅಂತಹ ಕರೆಯು ಫಲಿಸುವ ಪ್ರಶಸ್ತ ಸ್ಥಳವೆಂದರೆ ಶಾಲೆ. ಮನೆಯಲ್ಲಿ ಒಬ್ಬನ ಉಳಿತಾಯವು ಕಣ್ಣಿಗೆ ಬೀಳದಷ್ಟು ಸಣ್ಣದು. ನೂರಾರು ಮಂದಿ ಒಟ್ಟಿಗೆ ಉಂಡು, ಮಿಂದು, ಓದುವ ಸಂಸ್ಥೆಯಲ್ಲಿ ಅದೇ ಉಳಿತಾಯವು ಟನ್ನುಗಳ ಲೆಕ್ಕಕ್ಕೆ ಏರುತ್ತದೆ. ಶಿಕ್ಷಕರು ತರಗತಿಯಲ್ಲಿ ಈ ಕೆಳಗಿನ ಅಭ್ಯಾಸಗಳನ್ನು ಮಾಡಿಸಬಹುದು.

1. ಪ್ರತಿ ಸೋಮವಾರ ಎಂಟನೆಯ ತರಗತಿಯ ಇಬ್ಬರು ವಿದ್ಯಾರ್ಥಿಗಳು ಶಾಲೆಯ ವಿದ್ಯುತ್ ಮೀಟರನ್ನು ಓದಿ, ವಾರದ ಯೂನಿಟ್ಟುಗಳನ್ನು 0.7ರಿಂದ ಗುಣಿಸಿ ಫಲಕದಲ್ಲಿ ಬರೆಯುವುದು.

2. ಮುಚ್ಚಳವಿರುವ ಮತ್ತು ಮುಚ್ಚಳವಿಲ್ಲದ ಎರಡು ಸಮಾನ ಪಾತ್ರೆಗಳಲ್ಲಿ ಸಮಾನ ನೀರನ್ನು ಒಂದೇ ಉರಿಯಲ್ಲಿ ಕಾಯಿಸಿ, ಕುದಿಯಲು ಹಿಡಿದ ಸಮಯವನ್ನೂ ಆವಿಯಾದ ನೀರನ್ನೂ ಅಳೆಯುವುದು.

3. ಭೋಜನಶಾಲೆಯಲ್ಲಿ ಉಳಿದ ಆಹಾರವನ್ನು ಒಂದು ತಿಂಗಳ ಕಾಲ ತೂಗಿ ನಕ್ಷೆಯನ್ನು ಬರೆಯುವುದು.

4. ಅಂಗಳದ ಒಣ ಎಲೆಗಳನ್ನು ಸುಡದೆ ಗುಂಡಿಯಲ್ಲಿ ಕಳಿಯಿಸಿ, ದೊರೆತ ಗೊಬ್ಬರವನ್ನು ತೂಗಿ ಶಾಲೆಯ ಗಿಡಗಳಿಗೆ ಹಾಕುವುದು.

5. ಕಳೆದ ಮೂರು ವರ್ಷಗಳಲ್ಲಿ ನೆಟ್ಟ ಸಸಿಗಳಲ್ಲಿ ಬದುಕಿರುವುವೆಷ್ಟೆಂದು ಎಣಿಸಿ, ಒಂದೊಂದಕ್ಕೆ ಒಬ್ಬ ವಿದ್ಯಾರ್ಥಿಯನ್ನು ಪಾಲಕನಾಗಿ ನೇಮಿಸುವುದು.

ದಾನಿಗಳಿಗೂ ಇಲ್ಲಿ ಒಂದು ಸ್ಥಾನವಿದೆ. ಹೆಸರು ಕೆತ್ತಿದ ಕಮಾನಿನಂತೆಯೇ ಮಾಳಿಗೆಯ ಮೇಲಿನ ಸೌರ ಜಲತಾಪಕವೂ, ನಲವತ್ತು ಮಿತವ್ಯಯದ ಪಂಖಗಳೂ, ಒಂದು ಮಳೆನೀರಿನ ತೊಟ್ಟಿಯೂ ಚಿರಸ್ಮರಣೀಯ ಕಾಣಿಕೆಗಳೇ. ಕಮಾನು ಒಮ್ಮೆ ಕಟ್ಟಿದರೆ ನಿಂತಿರುತ್ತದೆ. ಜಲತಾಪಕವು ಪ್ರತಿದಿನವೂ ಮತ್ತೊಮ್ಮೆ ದಾನ ಮಾಡುತ್ತದೆ. ಅದರೊಡನೆ ದುರಸ್ತಿಗೆಂದು ಒಂದು ಪುಟ್ಟ ನಿಧಿಯನ್ನೂ ಇರಿಸಿದರೆ ದಾನವು ಪೂರ್ಣವಾದಂತೆ.

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆಯನ್ನು ಮಕ್ಕಳು ಚಿಕ್ಕಂದಿನಲ್ಲಿಯೇ ಕಲಿಯುತ್ತಾರೆ. ವಾಯುಮಂಡಲಕ್ಕೆ ಸೇರಿದ ಅನಿಲವೂ ಹನಿಹನಿಯಾಗಿಯೇ ಕೂಡಿದುದು. ಅದನ್ನು ತಗ್ಗಿಸುವ ಕಾರ್ಯದಲ್ಲಿ ಸರಕಾರಗಳ ನೀತಿ, ಕೈಗಾರಿಕೆಗಳ ಹೊಣೆ, ಶ್ರೀಮಂತ ದೇಶಗಳ ಋಣ ಇವು ದೊಡ್ಡ ಪಾಲು. ಅವನ್ನು ಕೇಳುವ ಹಕ್ಕು ಪ್ರಜೆಗಳಿಗೆ ಇದೆ. ತನ್ನ ಪಾಲಿನ ಲೆಕ್ಕವನ್ನು ಬರೆದಿಟ್ಟವನು ಇತರರ ಲೆಕ್ಕವನ್ನು ಕೇಳಿದಾಗ ಆ ಮಾತಿಗೆ ತೂಕ ಹೆಚ್ಚು. ಶಾಲೆಯ ಫಲಕದ ಮೇಲೆ ಈ ವಾರದ ಯೂನಿಟ್ಟು ಕಳೆದ ವಾರದ್ದಕ್ಕಿಂತ ಕಡಿಮೆಯಾದುದನ್ನು ಕಂಡು ಹಿಗ್ಗುವ ಬಾಲಕನು, ನಾಳೆ ಪಂಚಾಯಿತಿಯಲ್ಲಿಯೋ ಕಾರ್ಖಾನೆಯಲ್ಲಿಯೋ ಕುಳಿತಾಗಲೂ ಅದೇ ಕಣ್ಣಿನಿಂದ ಲೆಕ್ಕವನ್ನು ನೋಡಿಯಾನು. ಅಷ್ಟಾದರೆ ಪಾಠವು ಸಾರ್ಥಕ.